ಹಾಸಿಗೆಗಳು ಬಿಸಿಲಿಗೆ ಬಂದ ಭಾನುವಾರ

ನಿವೃತ್ತಿಯಾದ ಮೇಲೆ ನನಗೆ ಮಧ್ಯಾಹ್ನದ ನಿದ್ದೆ ರೂಢಿಯಾಗಿದೆ. ಊಟ ಮುಗಿಸಿ ಕಿಟಕಿಯ ಪಕ್ಕ ಒರಗಿಕೊಂಡರೆ ಹೊರಗೆ ತೆಂಗಿನ ಗರಿಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಸದ್ದು ಹುಡುಗಿಯರ ಪಿಸುಮಾತಾಗುತ್ತದೆ. ಆಮೇಲೆ ತಿಪಟೂರಿನ ಹಾಸ್ಟೆಲಿನ ಉದ್ದನೆಯ ಪಡಸಾಲೆ ಕಣ್ಣೆದುರು ಬರುತ್ತದೆ. ಅದರ ಕೊನೆಯಲ್ಲಿ ಬೆಳಕು, ಬೆಳಕಿನಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದಾರೆ. ಯಾರೆಂದು ನೋಡಲು ಹೋಗುವಷ್ಟರಲ್ಲಿ ಎಚ್ಚರವಾಗುತ್ತದೆ. ಎದ್ದ ಕೂಡಲೇ ಕೈ ತಾನಾಗಿ ದಿಂಬಿನ ಅಂಚಿಗೆ ಹೋಗಿ ಹೊಲಿಗೆಯ ಸಂದನ್ನು ಅಗಲಿಸಿ ನೋಡುತ್ತದೆ. ಇಷ್ಟು ವರ್ಷ ವಾರ್ಡನ್ ಆಗಿದ್ದವಳ ಕೈ ಅದು.

ಇತ್ತೀಚೆಗೆ ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಇದೇ ಕೆಲಸ ಸಿಕ್ಕಿತು. ಬಂದು ಕೂತು, ಏನೇನು ತಿಳಿದುಕೊಂಡಿರಬೇಕು ಆಂಟಿ ಎಂದು ಕೇಳಿದಳು. ಅಕ್ಕಿ ಬೇಳೆ, ಹಾಜರಿ, ಬಿಲ್ಲು ಇವನ್ನೆಲ್ಲ ಇಲಾಖೆಯವರೇ ಕಲಿಸುತ್ತಾರೆ, ತಿಗಣೆಯ ವಿಷಯ ಮಾತ್ರ ಯಾರೂ ಕಲಿಸುವುದಿಲ್ಲ ಎಂದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ತಿಗಣೆ ಎಂಬ ಮಾತಿಗೆ ಎಲ್ಲರೂ ಹಾಗೆಯೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಮುಚ್ಚಿದ ಬಾಯಿಗಳ ನಡುವೆಯೇ ನನ್ನ ನೌಕರಿ ಕಳೆಯಿತು. ಅವಳಂಥವರಿಗಾಗಿ ನೆನಪಿಗೆ ಬಂದಷ್ಟನ್ನು ಬರೆಯುತ್ತೇನೆ.

ನನಗೆ ತಿಗಣೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲಲ್ಲ. ನಾನು ಬೆಳೆದದ್ದು ಕಿಬ್ಬನಹಳ್ಳಿಯಲ್ಲಿ. ಅಲ್ಲಿ ಬೇಸಿಗೆಗೆ ಟೆಂಟ್ ಸಿನಿಮಾ ಬರುತ್ತಿತ್ತು. ನೆಲದ ಮೇಲೆ ಮರಳಿನಲ್ಲಿ ಕೂತು ನೋಡಿದವರಿಗೆ ತೊಂದರೆ ಇರಲಿಲ್ಲ, ಹಿಂದಿನ ಬೆತ್ತದ ಕುರ್ಚಿಗಳಲ್ಲಿ ಕೂತವರು ತೊಡೆ ಕೆರೆದುಕೊಂಡೇ ಮನೆಗೆ ಹೋಗುತ್ತಿದ್ದರು. ಆ ಕುರ್ಚಿಗಳಿಗೆ ಒಂದು ವಾಸನೆ ಇತ್ತು. ಕೊತ್ತಂಬರಿ ಸೊಪ್ಪು ಕೊಳೆಯತೊಡಗಿದಾಗ ಬರುವಂಥದ್ದು, ಅದರೊಳಗೆ ಎಲ್ಲೋ ಸ್ವಲ್ಪ ಸಿಹಿ. ಪರದೆಯ ಮೇಲಿನ ಬೆಳಕು, ಹಾಡು, ಆ ವಾಸನೆ ಮೂರೂ ಕೂಡಿ ನನ್ನೊಳಗೆ ಉಳಿದುಬಿಟ್ಟವು.

ತೊಂಬತ್ತರ ದಶಕದ ಮೊದಲಲ್ಲಿ ತುರುವೇಕೆರೆಗೆ ನನ್ನನ್ನು ಹಾಕಿದರು. ಬಾಡಿಗೆಯ ಹಳೇ ಮನೆಯೇ ಹಾಸ್ಟೆಲು. ಮೇಲೆ ಕೊಬ್ಬರಿಗೆ ಕಾಯಿ ಒಟ್ಟುತ್ತಿದ್ದ ಅಟ್ಟ ಹಾಗೇ ಇತ್ತು, ಕೆಳಗೆ ನವಾರು ಪಟ್ಟಿ ಹೆಣೆದ ಮರದ ಮಂಚಗಳು. ಕಾಲೇಜಿನ ಮೇಷ್ಟ್ರೊಬ್ಬರು ನಿಮ್ಮ ಹುಡುಗಿಯರು ಪಾಠದಲ್ಲಿ ತೂಕಡಿಸುತ್ತಾರೆ, ಕತೆ ಪುಸ್ತಕ ಓದುತ್ತ ಎದ್ದಿರುತ್ತಾರೇನೋ ಎಂದು ದೂರು ಹೇಳಿದರು. ಮಕ್ಕಳೆಲ್ಲ ಕಾಲೇಜಿಗೆ ಹೋಗಿದ್ದ ಹೊತ್ತಿನಲ್ಲಿ ನಾನು ಸುಮ್ಮನೆ ಕೋಣೆಯಿಂದ ಕೋಣೆಗೆ ನಡೆದೆ. ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಇಳಿದು ನೆಲದ ಮೇಲೆ ಮಲಗಿತ್ತು. ಆ ಬಿಸಿಲಿನಲ್ಲಿ ನಿಂತಾಗ ಟೆಂಟ್ ಸಿನಿಮಾದ ವಾಸನೆ ಬಂತು. ಒಂದು ಕ್ಷಣ ನಾನು ಎಲ್ಲಿದ್ದೇನೆಂದೇ ತಿಳಿಯಲಿಲ್ಲ.

ಹಾಸಿಗೆ ಎತ್ತಿದೆ. ಅಂಚಿನ ಹೊಲಿಗೆಯುದ್ದಕ್ಕೂ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆಗಳು, ಹೊದಿಕೆಯ ಮೇಲೆ ಒಣಗಿದ ರಕ್ತದ ಸಣ್ಣ ಗೀರು. ನವಾರಿನ ಮಡಿಕೆಯಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣದ ಪೊರೆಗಳು, ಅವುಗಳ ಪಕ್ಕ ರವೆಗಿಂತ ಸಣ್ಣ ಬಿಳಿ ಮೊಟ್ಟೆಗಳು. ಕೊನೆಗೆ ಅವೇ, ಚಪ್ಪಟೆಯಾಗಿ, ಕಂದು ಬಣ್ಣದಲ್ಲಿ, ಬೆಳಕಿಗೆ ನಾಚಿದವರಂತೆ ಬಿರುಕಿನೊಳಗೆ ಸರಿಯುತ್ತಿದ್ದವು. ಹೊಸದಾಗಿ ಸೇರಿದವರು ಇದನ್ನು ನೆನಪಿಡಬೇಕು. ಮೈಮೇಲಿನ ಗಂಧೆ ನೋಡಿ ತೀರ್ಮಾನಿಸಬೇಡಿ. ಸೊಳ್ಳೆ ಕಚ್ಚಿದರೂ ಹಾಗೇ ಇರುತ್ತದೆ, ಕೆಲವರಿಗಂತೂ ತಿಗಣೆ ಕಚ್ಚಿದ ಗುರುತೇ ಏಳುವುದಿಲ್ಲ. ಹಾಸಿಗೆಯನ್ನು ನೋಡಿ, ಮಂಚದ ಸಂದು ನೋಡಿ, ಗೋಡೆಯ ಮೊಳೆ ತೂತು, ಕ್ಯಾಲೆಂಡರಿನ ಹಿಂಬದಿ, ಟ್ರಂಕಿನೊಳಗೆ ಹಾಸಿದ ಕಾಗದದ ಅಡಿ ನೋಡಿ.

ಅಲ್ಲಿನ ಮೇಲಧಿಕಾರಿಗಳು ಬೇಸಿಗೆ ರಜೆಯಲ್ಲಿ ಬಾಗಿಲು ಮುಚ್ಚಿಬಿಡೋಣ, ತಿನ್ನಲು ಏನೂ ಸಿಗದೆ ತಾವೇ ಸಾಯುತ್ತವೆ ಎಂದರು. ಮುಚ್ಚಿದೆವು. ಜೂನ್ ತಿಂಗಳಲ್ಲಿ ಮಕ್ಕಳು ಹೊಸ ಬಳೆ ತೊಟ್ಟು ಬಂದರು. ವಾರ ಕಳೆಯುವಷ್ಟರಲ್ಲಿ ಆ ಬಳೆಗಳ ಮೇಲೆ ಕೆಳಗೆಲ್ಲ ಕೆಂಪು ಸಾಲು. ಊಟವಿಲ್ಲದೆ ತಿಂಗಳುಗಟ್ಟಲೆ ಕಾಯುವ ಜೀವಿ ಅದು. ನವಾರನ್ನೆಲ್ಲ ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿದ ಮೇಲೆಯೇ ತುರುವೇಕೆರೆಯ ಮಕ್ಕಳು ನಿದ್ದೆ ಮಾಡಿದ್ದು.

ಆದರೆ ನಾನು ಹೇಳಬೇಕೆಂದಿರುವುದು ತಿಪಟೂರಿನ ಹಾಸ್ಟೆಲಿಗೆ ವರ್ಗವಾದ ಮೇಲೆ ಸಿಕ್ಕ ನಾಗವೇಣಿಯ ವಿಷಯ.

ತೆಂಗಿಗೆ ನುಸಿ ರೋಗ ಬಂದಿದ್ದ ಕಾಲ ಅದು. ಎಲ್ಲಿ ನೋಡಿದರೂ ಕಂದು ಕಲೆಯ, ಸೊಟ್ಟ ಕಾಯಿಗಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ ಜನ ಅದೇ ಮಾತಾಡುತ್ತಿದ್ದರು. ನಮ್ಮ ಹಾಸ್ಟೆಲಿಗೆ ಆಗ ಕಬ್ಬಿಣದ ಪೈಪಿನ ಮಂಚಗಳು ಬಂದಿದ್ದವು. ಮರ ಇಲ್ಲದ ಮೇಲೆ ತಿಗಣೆ ಇಲ್ಲ ಎಂದು ನಾನೂ ಸೇರಿ ಎಲ್ಲರೂ ನೆಮ್ಮದಿಯಾಗಿದ್ದೆವು. ನಾಗವೇಣಿ ಹುಳಿಯಾರಿನ ಪಕ್ಕದ ಕೆಂಕೆರೆಯವಳು, ಡಿಗ್ರಿಯ ಮೊದಲ ವರ್ಷ. ಅವಳ ಅಪ್ಪ ರಂಗಪ್ಪ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಹುಡುಗಿ ಬಂದಾಗ ಒಂದು ತಗಡಿನ ಟ್ರಂಕು, ಒಂದು ಕಂಬಳಿ ತಂದಿದ್ದಳು. ಮಾತು ಕಡಿಮೆ. ಪಡಸಾಲೆಯ ಕಂಬಕ್ಕೆ ಒರಗಿ ತೋಟದ ಕಡೆ ನೋಡುತ್ತ ಕೂರುತ್ತಿದ್ದಳು.

ಅವಳ ತೋಳಿನ ಮೇಲೆ ಗಂಧೆ ಎದ್ದವು, ಆಮೇಲೆ ಇನ್ನೂ ಕೆಲವರಿಗೆ. ಜೊತೆಯ ಹುಡುಗಿಯರಲ್ಲಿ ಮುಂದಾಳು ಹೊನ್ನವಳ್ಳಿಯ ಪೂರ್ಣಿಮಾ, ಅಷ್ಟಿಷ್ಟು ತೋಟವಿದ್ದವರ ಮನೆಯ ಮಗಳು, ಮಾತಿನ ಮಲ್ಲಿ. ಈ ಹುಳ ಬಂದದ್ದು ನಾಗವೇಣಿಯ ಕಂಬಳಿಯಿಂದಲೇ ಎಂದು ಅವಳು ಹೇಳಿದಳು. ಆ ಮಾತು ಕೋಣೆಯಿಂದ ಕೋಣೆಗೆ ಹರಡಿತು. ಯಾರೂ ಜಗಳವಾಡಲಿಲ್ಲ. ಊಟಕ್ಕೆ ಕೂತಾಗ ಅವಳ ಪಕ್ಕ ಒಬ್ಬರ ಜಾಗ ಖಾಲಿ ಬಿಟ್ಟರು, ಹಗ್ಗದ ಮೇಲೆ ಅವಳ ಬಟ್ಟೆಯಿಂದ ತಮ್ಮ ಬಟ್ಟೆಯನ್ನು ದೂರ ಸರಿಸಿದರು, ಅಷ್ಟೇ. ಆಮೇಲೆ ನಾಗವೇಣಿ ತಾನಾಗಿಯೇ ಹಾಸಿಗೆ ಸುತ್ತಿಕೊಂಡು ಪಡಸಾಲೆಯ ಮೂಲೆಗೆ ಹೋದಳು. ಒಳಗೆ ಸೆಕೆ ಮೇಡಂ ಎಂದಳು ನನ್ನ ಹತ್ತಿರ, ನಾನು ನಂಬಿದೆ. ಹಾಸಿಗೆ ಜಾಗ ಬದಲಿಸಿದರೆ ತಿಗಣೆಯೂ ಜೊತೆಗೆ ಹೋಗಿ ಹೊಸ ಜಾಗ ಹಿಡಿಯುತ್ತದೆ ಎಂಬುದು ಆ ಮಗುವಿಗೆ ಯಾರು ಹೇಳಬೇಕಿತ್ತು?

ಒಂದು ಶುಕ್ರವಾರ ನಾನು ಇಲಾಖೆಯ ಕೆಲಸ ಮುಗಿಸಿ ಬಂದಾಗ ಪಡಸಾಲೆಯ ಮೂಲೆ ಖಾಲಿ ಇತ್ತು. ಅಡುಗೆಯ ಚೌಡಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾಗವೇಣಿ ಟ್ರಂಕು ಎತ್ತಿಕೊಂಡು ಹುಳಿಯಾರು ಬಸ್ಸು ಹತ್ತಿದಳೆಂದೂ, ಹೋಗುವಾಗ ಒಂದು ಮಾತು ಹೇಳಿದಳೆಂದೂ ತಿಳಿಸಿದಳು.

"ಏನಂದ್ಲು?"

"ನಾನ್ ಹೋದ್ರೆ ಎಲ್ರೂ ನಿದ್ದೆ ಮಾಡ್ತಾರೆ ಬುಡಿ ಅಂದ್ಲು ಮೇಡಂ. ಇನ್ ಬರಲ್ಲ ಅನ್ಸುತ್ತೆ."

ನಾನು ಆ ಖಾಲಿ ಮೂಲೆಯ ಗೋಡೆ ನೋಡಿದೆ. ಸುಣ್ಣದ ಬಿರುಕಿನ ಬಾಯಲ್ಲಿ ಕಪ್ಪು ಚುಕ್ಕೆಗಳಿದ್ದವು. ಅವತ್ತೇ ನಮ್ಮ ತಾಲ್ಲೂಕು ಅಧಿಕಾರಿ ಮಹಲಿಂಗಪ್ಪನವರಿಗೆ ವಿಷಯ ಮುಟ್ಟಿಸಿದೆ. ಒಳ್ಳೆಯ ಮನುಷ್ಯ, ಆದರೆ ಪೇಪರಿನವರೆಂದರೆ ಹೆದರಿಕೆ. ಬರವಣಿಗೆಯಲ್ಲಿ ಏನೂ ಬೇಡ, ನಾನೇ ಬರುತ್ತೇನೆ ಎಂದರು. ಮರುದಿನ ಬೆಳಿಗ್ಗೆ ಜೀಪಿನಲ್ಲಿ ಬಂದಿಳಿದರು, ಹಿಂದೆ ಅವರ ತೋಟದ ಆಳು, ಬೆನ್ನಿಗೆ ಸಿಂಪಡಿಸುವ ಕ್ಯಾನು. ನುಸಿಗೆಂದು ತಂದಿಟ್ಟುಕೊಂಡಿದ್ದ ಔಷಧಿ. ಕೋಣೆಗಳಿಗೆಲ್ಲ ಹೊಡೆಸಿ ಬೀಗ ಹಾಕಿದರೆ ಸಂಜೆಗೆ ಸರಿಹೋಗುತ್ತದೆ ಎಂದರು.

ನಾನು ಬಾಗಿಲಲ್ಲೇ ನಿಂತೆ. "ಸಾರ್, ಈ ಔಷಧಿ ಹಾಕಿದ ಮರದ ಎಳನೀರು ಕುಡೀತೀರಾ?"

"ತಕ್ಷಣಕ್ಕೆ ಯಾರ್ ಕುಡೀತಾರೆ ಕಣ್ರೀ, ವಿಷ ಅದು. ಎಷ್ಟೋ ದಿನ ಆ ಮರದ ಕಾಯೇ ಮುಟ್ಟಲ್ಲ."

"ಮಕ್ಕಳು ಇವತ್ತೇ ಮಲಗ್ಬೇಕಲ್ಲ ಸಾರ್, ಇದೇ ರೂಮಲ್ಲಿ."

ಅವರು ಸಿಟ್ಟಾದರು. ನಿಮಗೆ ಸಹಾಯ ಮಾಡಲು ಬಂದರೆ ಪ್ರಶ್ನೆ ಕೇಳುತ್ತೀರಿ, ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಕೊಡುವವರು ನೀವೇ ಎಂದರು. ಕೆಲಸ ಹೋದರೆ ಏನು ಮಾಡುವುದೆಂಬ ಯೋಚನೆ ನನಗೆ ಬಂತು. ಆದರೂ ಬಾಗಿಲು ಬಿಡಲಿಲ್ಲ. ಒಳಗಿನಿಂದ ಮಕ್ಕಳು ತಲೆ ಬಾಚಿಕೊಳ್ಳುತ್ತ ಏನೋ ಗುನುಗುವುದು ಕೇಳುತ್ತಿತ್ತು. ಮಹಲಿಂಗಪ್ಪನವರು ಅದನ್ನು ಕೇಳಿಸಿಕೊಂಡರು ಎಂದು ಕಾಣುತ್ತದೆ. ಕ್ಯಾನನ್ನು ಸ್ವಲ್ಪ ಹೊತ್ತು ನೋಡಿ, ಜೀಪಿಗೆ ಇಡು ಎಂದು ಆಳಿಗೆ ಸನ್ನೆ ಮಾಡಿದರು. ಮತ್ತೇನು ಮಾಡುತ್ತೀರಿ ಎಂದು ಕೇಳಿದರು. ನಾಳೆ ಭಾನುವಾರ ಎಲ್ಲವನ್ನೂ ಅಂಗಳಕ್ಕೆ ತರುತ್ತೇವೆ, ಮೇಲಿನವರಿಗೂ ಬರೆಯುತ್ತೇನೆ, ಬರೆಯದಿದ್ದರೆ ಹೊಸ ಹಾಸಿಗೆ ಬರುವುದಿಲ್ಲ ಎಂದೆ. ಅವರು ಹೋಗಿ ಜೀಪು ಹತ್ತಿದರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಆ ಭಾನುವಾರ ಈಗ ನನಗೆ ಕನಸಿನ ಹಾಗೇ ನೆನಪಾಗುತ್ತದೆ. ಮಾರ್ಚ್ ತಿಂಗಳ ಬಿಸಿಲು. ಹಿತ್ತಲಿನಲ್ಲಿ ಚೌಡಮ್ಮ ದೊಡ್ಡ ಹಂಡೆಗಳಿಗೆ ತೆಂಗಿನ ಸೋಗೆ, ಕಾಯಿಮಟ್ಟೆ ಒಟ್ಟಿ ಬೆಂಕಿ ಹಾಕಿದ್ದಳು. ಹೊಗೆ ಗರಿಗಳ ನಡುವೆ ನಿಧಾನವಾಗಿ ಏರುತ್ತಿತ್ತು. ಹುಡುಗಿಯರು ಲಂಗ ಎತ್ತಿಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಮಂಚಗಳನ್ನು ಹೊತ್ತು ತಂದರು. ಬಟ್ಟೆ, ಹೊದಿಕೆ, ದಿಂಬಿನ ಚೀಲ ಎಲ್ಲ ಕುದಿಯುವ ನೀರಿಗೆ ಹೋದವು. ಹಾಸಿಗೆಗಳನ್ನು ಬರಿದೇ ಬಿಸಿಲಿಗೆ ಹಾಕಿದರೆ ಸಾಲದು, ಹುಳ ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತದೆ. ವೆಲ್ಡಿಂಗ್ ಕೆಲಸದ ಬಾಷಾ ಸಾಬರು ಲಾರಿಯ ಕಪ್ಪು ಟಾರ್ಪಾಲು ಕೊಟ್ಟಿದ್ದರು. ಹಾಸಿಗೆಗಳನ್ನು ತಾರಸಿಯ ಮೇಲೆ ಅದರಲ್ಲಿ ಸುತ್ತಿ, ಅಂಚಿಗೆ ಕಲ್ಲು ಹೇರಿ, ಒಳಗೆ ಕೈಯಿಡಲಾಗದಷ್ಟು ಕಾಯಲು ಬಿಟ್ಟೆವು. ಮಧ್ಯೆ ಮಧ್ಯೆ ಮಗುಚಿ ಹಾಕಿದೆವು.

ಮಂಚಗಳ ಸರದಿ ಬಂತು. ಪೈಪಿನ ಬಾಯಿಗಳು ತೆರೆದೇ ಇದ್ದವು, ಮಾಡಿಸಿದವರು ಮುಚ್ಚಿರಲಿಲ್ಲ. ಮೊದಲು ಯಾರ ಮಂಚ ಎಂದು ನಾನು ಆರಿಸಲಿಲ್ಲ, ಹತ್ತಿರ ಇದ್ದದ್ದಕ್ಕೆ ಚೌಡಮ್ಮ ಬಿಸಿನೀರು ಹೊಯ್ದಳು. ಪೈಪಿನ ಇನ್ನೊಂದು ತುದಿಯಿಂದ ನೀರಿನ ಜೊತೆ ಅವು ಸುರಿದು ಬಿದ್ದವು, ಕಲ್ಲಿನ ಮೇಲೆ ಅವರೆ ಸಿಪ್ಪೆ ಚೆಲ್ಲಿದ ಹಾಗೆ. ಅದು ಪೂರ್ಣಿಮಾಳ ಮಂಚ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಎರಡನೆಯ ಮಂಚದಲ್ಲೂ ಇದ್ದವು, ಮೂರನೆಯದರಲ್ಲೂ ಇದ್ದವು. ಯಾವ ಕೋಣೆಯೂ ತಪ್ಪಿಸಿಕೊಂಡಿರಲಿಲ್ಲ.

ಅಷ್ಟರಲ್ಲಿ ಮಹಲಿಂಗಪ್ಪನವರು ಬಂದರು. ನನ್ನ ಆಫೀಸು ಕೋಣೆಯ ಬೆತ್ತದ ಕುರ್ಚಿಯನ್ನೂ ಅಂಗಳಕ್ಕೆ ತಂದಿಟ್ಟಿದ್ದೆವು. ಬಂದ ಪೋಷಕರು, ಅಧಿಕಾರಿಗಳು ಎಲ್ಲರೂ ಕೂರುತ್ತಿದ್ದದ್ದು ಅದರಲ್ಲೇ. ಅವರು ಅಭ್ಯಾಸಬಲದಿಂದ ಅದರಲ್ಲಿ ಕೂರಲು ಹೋದರು. ಸಾರ್, ಒಂದು ನಿಮಿಷ ಎಂದು ಅದನ್ನು ಬೋರಲು ಹಾಕಿ ತೋರಿಸಿದೆ. ಬೆತ್ತದ ಹೆಣಿಗೆಯ ತುಂಬ ಅವೇ. ಸಾಹೇಬರು ತಮ್ಮ ಪ್ಯಾಂಟಿನ ಹಿಂಬದಿಯನ್ನು ಮೆಲ್ಲಗೆ ಕೊಡವಿಕೊಂಡರು. ಆಮೇಲೆ ತಾವೇ ನಕ್ಕರು.

"ನಮ್ಮ ಮನೇಲೂ ಒಂದ್ಸಲ ನೋಡ್ಬೇಕು ಕಣ್ರೀ. ನೀವು ಬರೀರಿ ಮೇಲಕ್ಕೆ. ನಾನೂ ಸೈನ್ ಹಾಕ್ತೀನಿ."

ಸಂಜೆಯೊಳಗೆ ಬಾಷಾ ಸಾಬರು ಪೈಪಿನ ಬಾಯಿಗಳಿಗೆಲ್ಲ ತಗಡಿನ ಬಿಲ್ಲೆ ಇಟ್ಟು ಬೆಸೆಯತೊಡಗಿದರು. ಗೋಡೆಯ ಬಿರುಕುಗಳಿಗೆ ಸಿಮೆಂಟು ಮೆತ್ತಿದೆವು. ಪೂರ್ಣಿಮಾ ಇಡೀ ದಿನ ಯಾರೊಂದಿಗೂ ಮಾತಾಡದೆ ಕೆಲಸ ಮಾಡಿದಳು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, ಕೆಂಕೆರೆಗೆ ನೀವು ಹೋಗುತ್ತೀರಾ ಮೇಡಂ, ಹೋದರೆ ನಾನೂ ಬರುತ್ತೇನೆ ಎಂದಳು.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಬಸ್ಸು ತೋಟಗಳ ನಡುವೆಯೇ ಸಾಗುತ್ತದೆ. ಕಿಟಕಿಯಲ್ಲಿ ನೆರಳು, ಬಿಸಿಲು, ನೆರಳು. ಪೂರ್ಣಿಮಾ ಹೊರಗೆ ನೋಡುತ್ತ ಕೂತಿದ್ದಳು. ನನಗೆ ಜೊಂಪು ಹತ್ತಿ, ಹಾಸ್ಟೆಲಿನ ಪಡಸಾಲೆಯಲ್ಲಿ ತೆಂಗಿನ ಮರಗಳು ಸಾಲಾಗಿ ಹಾಸಿಗೆ ಹೊತ್ತು ನಡೆಯುವ ಹಾಗೆ ಕಂಡಿತು. ಕಂಡಕ್ಟರ್ ಹುಳಿಯಾರು ಎಂದು ಕೂಗಿದಾಗ ಎದ್ದೆ.

ಕೆಂಕೆರೆಯಲ್ಲಿ ಅವರ ಮನೆಯ ಅಂಗಳದ ತುದಿಯಲ್ಲಿ ಆ ತಗಡಿನ ಟ್ರಂಕು ಬಿಸಿಲಿನಲ್ಲಿ ಒಂಟಿಯಾಗಿ ಕೂತಿತ್ತು. ನಾಗವೇಣಿ ಬಂದ ದಿನದಿಂದ ಅದನ್ನು ಒಳಗೆ ತಂದಿರಲಿಲ್ಲ. ತಾನೂ ಒಳಗೆ ಮಲಗುತ್ತಿರಲಿಲ್ಲ. ತಮ್ಮ ತಂಗಿಯರಿಗೆ ಅಂಟೀತೆಂದು ದನದ ಕೊಟ್ಟಿಗೆಯ ಪಕ್ಕ ಗೋಣಿತಾಟಿನ ಮೇಲೆ ಮಲಗುತ್ತಿದ್ದಳು ಎಂದು ಅವಳ ತಾಯಿ ಹೇಳಿದರು. ಹುಡುಗಿ ನಮ್ಮನ್ನು ಕಂಡು ಎದ್ದು ನಿಂತಳು, ಹತ್ತಿರ ಬರಲಿಲ್ಲ.

ನಾನು ಟ್ರಂಕು ತೆರೆದೆ. ಒಳಗಿನ ಕಾಗದದ ಅಡಿ ನಾಲ್ಕಾರು ತಿಗಣೆ ಇದ್ದವು. ತಾಯಿ ಒಲೆಗೆ ಬೆಂಕಿ ಹಾಕಿ ಹಂಡೆ ಇಟ್ಟರು. ನಾಗವೇಣಿ ತನ್ನ ಬಟ್ಟೆಗಳನ್ನು ಎತ್ತಿಕೊಳ್ಳುವ ಮೊದಲೇ ಪೂರ್ಣಿಮಾ ಬಾಗಿ ಅವನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಒತ್ತಿಕೊಂಡು ಹಂಡೆಯ ಕಡೆ ನಡೆದಳು.

"ನನ್ ಮಂಚದಲ್ಲೇ ಜಾಸ್ತಿ ಇದ್ವು ಕಣೇ," ಎಂದಳು ತಿರುಗಿ ನೋಡದೆ. "ನಾನೇ ತಪ್ಪು ಮಾತಾಡ್ದೆ. ಬಾ, ಹೋಗಣ."

ನಾಗವೇಣಿ ಬಹಳ ಹೊತ್ತಿನ ಮೇಲೆ ನನ್ನನ್ನು ಕೇಳಿದಳು. "ನಾನೇ ತಂದಿದ್ದಾ ಮೇಡಂ?"

"ಯಾರು ತಂದ್ರೋ ಗೊತ್ತಿಲ್ಲ ಕಣಮ್ಮ. ಗೊತ್ತಾಗೋದೂ ಇಲ್ಲ. ಬಸ್ಸಿನ ಸೀಟಲ್ಲಿ ಬಂದಿರ್ಬಹುದು, ನನ್ನ ಸೀರೇಲೇ ಬಂದಿರ್ಬಹುದು."

ರಂಗಪ್ಪ ಕೆಲಸದಿಂದ ಬಂದರು, ಮೈಯೆಲ್ಲ ನಾರಿನ ಧೂಳು. ಅವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಹುಳ ಕಚ್ಚಿದ್ದಕ್ಕೆ ಅವರಿಗೆ ಅಷ್ಟು ನೋವಿರಲಿಲ್ಲ, ಮಗಳನ್ನು ಊಟದ ಸಾಲಿನಲ್ಲಿ ದೂರ ಕೂರಿಸಿದ್ದಕ್ಕೆ ನೋವಿತ್ತು. ಓದು ಸಾಕು ಎಂದು ಆಗಲೇ ತೀರ್ಮಾನಿಸಿದ್ದರು, ಸಂಬಂಧದ ಮಾತೂ ಒಂದು ಬಂದಿತ್ತು.

"ಇನ್ ಮುಂದೆ ತಿಗ್ಣೆ ಬರಲ್ಲ ಅಂತೀರಾ?" ಎಂದು ಕೇಳಿದರು.

"ಹಂಗೆ ಹೇಳಕ್ಕಾಗಲ್ಲ. ಮತ್ತೆ ಬಂದ್ರೂ ಬರ್ಬಹುದು. ಬಂದ್ರೆ ಯಾರನ್ನೂ ದೂರ ಕೂರಿಸಲ್ಲ. ಅದು ಮಾತ್ರ ನನ್ ಮಾತು."

ಅವರು ಪೂರ್ಣಿಮಾಳ ಕಡೆ ನೋಡಿದರು. ಅವಳು ಹಂಡೆಯ ಮುಂದೆ ಕೂತು ಬಟ್ಟೆಗಳನ್ನು ಕೋಲಿನಿಂದ ಮಗುಚುತ್ತಿದ್ದಳು, ಹಬೆಯಲ್ಲಿ ಮುಖ ಕೆಂಪಾಗಿತ್ತು. ರಂಗಪ್ಪ ಕೈಕಾಲು ತೊಳೆಯಲು ಹೋದರು. ಬಟ್ಟೆ ಒಣಗುವವರೆಗೆ ನಾವು ಮುದ್ದೆ, ಹುರುಳಿ ಸಾರು ಉಂಡೆವು. ಹೊರಡುವಾಗ ನೋಡಿದರೆ ಅವರೇ ಟ್ರಂಕನ್ನು ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆ ಮುಂದೆ ನಡೆಯುತ್ತಿದ್ದರು.

ತಿಗಣೆ ಒಂದೇ ಭಾನುವಾರಕ್ಕೆ ಹೋಗಲಿಲ್ಲ. ಉಳಿದ ಮೊಟ್ಟೆಗಳು ಒಡೆದವು, ಮತ್ತೆ ಹಂಡೆ ಇಟ್ಟೆವು, ಮತ್ತೊಮ್ಮೆ ಇಟ್ಟೆವು. ಹೊಸ ಹಾಸಿಗೆಗಳು ಬಂದಾಗ ಹಳೆಯವನ್ನು ಬೀದಿಯಲ್ಲಿ ಎಸೆಯದೆ ಕುಯ್ದು ಸುಟ್ಟೆವು, ಯಾರಾದರೂ ಬಡವರು ಮನೆಗೆ ಎತ್ತಿಕೊಂಡು ಹೋಗಬಾರದಲ್ಲ. ಮುಂದಿನ ವರ್ಷಗಳಲ್ಲಿ ತರಬೇತಿಯಾದವರೇ ಬಂದು ಔಷಧಿ ಹಾಕುವ ಏರ್ಪಾಡಾಯಿತು. ಆಗಲೂ ಅವರು ಬರುವ ಮೊದಲು ಕೋಣೆ ಖಾಲಿ ಮಾಡಿ, ಬಟ್ಟೆ ಕುದಿಸಿ, ಸಂದುಗಳನ್ನು ತೆರೆದಿಡುವ ಕೆಲಸ ನಮ್ಮದೇ. ಶನಿವಾರ ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಹಾಸಿಗೆಯ ಅಂಚು ನೋಡುವುದು, ರಜೆ ಮುಗಿಸಿ ಬಂದವರು ಟ್ರಂಕನ್ನು ಮೊದಲು ಅಂಗಳದಲ್ಲಿ ತೆರೆಯುವುದು ರೂಢಿಯಾಯಿತು. ಇವೆಲ್ಲ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಕಂಡವರು ಬಂದು ಹೇಳುವಂತೆ ಮಾಡುವುದೇ ಕಷ್ಟ. ಹೇಳಿದವಳ ಮುಖ ಸಣ್ಣದಾದರೆ ಮುಂದಿನವಳು ಹೇಳುವುದಿಲ್ಲ. ಅವಳು ಸುಮ್ಮನಿದ್ದಷ್ಟು ದಿನ ಹುಳ ಹೆಚ್ಚುತ್ತದೆ.

ನಾಗವೇಣಿ ಕೊನೆಯ ವರ್ಷಕ್ಕೆ ಬಂದಿದ್ದಾಗ, ಮಳೆಗಾಲದ ಮೊದಲ ವಾರ, ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಆಗಷ್ಟೇ ಸೇರಿದ್ದ ಹುಡುಗಿ, ಕೈಯಲ್ಲಿ ದಿಂಬು. ಕಣ್ಣಲ್ಲಿ ನೀರು ತುಂಬಿತ್ತು. ಅವಳ ಹಿಂದೆ ನಾಗವೇಣಿ ಇದ್ದಳು.

"ಇವಳಿಗೆ ಒಂದು ಸಿಕ್ಕಿದೆ ಮೇಡಂ. ಹೇಳಕ್ಕೆ ಬಂದಿದಾಳೆ."

ಬಹಳ ಒಳ್ಳೆಯದಾಯಿತು, ನೀನು ಬೇಗ ನೋಡಿದೆ ಎಂದು ನಾನು ಆ ಹುಡುಗಿಗೆ ಹೇಳಿದೆ. ಅವಳು ನಂಬಲಾರದವಳಂತೆ ನನ್ನನ್ನೇ ನೋಡಿದಳು, ಆಮೇಲೆ ನಾಗವೇಣಿಯನ್ನು. ನಾಗವೇಣಿ ಅವಳ ಕೈಯಿಂದ ದಿಂಬು ತೆಗೆದುಕೊಂಡು ತನ್ನ ಕಂಕುಳಲ್ಲಿ ಇಟ್ಟುಕೊಂಡಳು.

"ಊಟಕ್ಕೆ ಹೊತ್ತಾಯ್ತು ಬಾ," ಎಂದಳು. "ನನ್ ಪಕ್ಕ ಕೂತ್ಕೊ."